ರಿಬ್ಬನ್ ಕಟ್ಟಿದ ಕೋಣೆ

೧ ಆಗಸ್ಟ್ ೨೦೧೬, ಸೋಮವಾರ

ಬಂತು! ಯಾದಗಿರಿಯಿಂದ ಆದೇಶ ಬಂದೇಬಿಟ್ಟಿತು! ಇಷ್ಟು ವರ್ಷ ನರ್ಸ್ ಕೆಲಸ ಮಾಡಿದ್ದೇನೆ, ಸರ್ಕಾರದ ಕಾಗದ ಓದಿ ಕುಣಿಯಬೇಕು ಅನ್ನಿಸಿದ್ದು ಇದೇ ಮೊದಲು. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ನಮ್ಮ ಆಸ್ಪತ್ರೆಯಲ್ಲಿ ಒಂದು ಬೇರೆ ಕೋಣೆ. ತಪಾಸಣೆ, ಗುಳಿಗೆ, ಆಪರೇಷನ್, ಕಲಬುರಗಿಗೆ ಕಳಿಸಿದರೆ ಅಲ್ಲಿಯ ಖರ್ಚು, ಎಲ್ಲ ಸರ್ಕಾರದ್ದು. ಪೊಲೀಸ್ ಕೇಸು ಆಗಲಿ ಬಿಡಲಿ, ಚಿಕಿತ್ಸೆ ಮಾತ್ರ ನಿಲ್ಲಿಸುವಂತಿಲ್ಲ. ಉಸ್ತುವಾರಿ: ಲಾಲಮ್ಮ, ಸ್ಟಾಫ್ ನರ್ಸ್. ಅಂದರೆ ನಾನು!

ಹಳೆಯ ಗುಜರಿ ಕೋಣೆಯನ್ನು ನಾನೇ ನಿಂತು ಖಾಲಿ ಮಾಡಿಸಿದೆ. ಒಳಗೇ ಬಚ್ಚಲು ಇದೆ, ಚಿಲಕ ಹೊಸದು ಹಾಕಿಸಬೇಕು. ಪರದೆಗೆ ಗಿಳಿಹಸಿರು ಬಣ್ಣ.

ಮನೆಯಲ್ಲಿ ನಮ್ಮವರಿಗೆ ಹೇಳಿದ್ದೇ ಹೇಳಿದ್ದು. ಅವರು ಕಾಲುವೆಯ ಗೇಟು ನೋಡಿಕೊಳ್ಳುವ ನೌಕರರು, ಮಾತು ಕಮ್ಮಿ, ಚುಚ್ಚುವುದು ಜಾಸ್ತಿ. ರೊಟ್ಟಿ ಮುರಿಯುತ್ತ ಅಂದರು: "ಒಂದು ಖೋಲಿ ಕೊಟ್ಟಾರ, ಕೃಷ್ಣಾ ಹೊಳಿನೇ ನಿನ್ನ ಹೆಸರಿಗೆ ಬರಕೊಟ್ಟಾಂಗ ಮಾಡಾಕತ್ತಿಯಲ್ಲ!"

ಮಾಡುತ್ತೇನೆ. ನನಗೇನು ನಾಚಿಕೆ?

೪ ಆಗಸ್ಟ್, ಗುರುವಾರ

ಬೋರ್ಡು ಆಯಿತು! ಎಂಥ ಬೋರ್ಡು ಅಂತೀರಿ! ಬಾಗಿಲಿನಷ್ಟೇ ಅಗಲ, ಬಿಳಿ ಬಣ್ಣದ ಮೇಲೆ ಕೆಂಪು ಅಕ್ಷರ: 'ಅತ್ಯಾಚಾರ ಸಂತ್ರಸ್ತ ಮಹಿಳೆಯರ ಉಚಿತ ಚಿಕಿತ್ಸಾ ಕೊಠಡಿ.' ಬರೆದವರು ಬಾಷುಮಿಯಾ. ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆಯುವವರು ಅವರೇ.

ಬರೆಯುವ ಮೊದಲು ಅವರು ಬೋರ್ಡಿನ ಅಗಲಕ್ಕೆ ಕೈ ಚಾಚಿ ಅಳತೆ ಹಿಡಿದರು.

"ಬಾಯಾರ, ಇಷ್ಟು ದೊಡ್ಡದು ಬೇಕಂತೀರೇನು?"

"ಬಸ್‌ಸ್ಟ್ಯಾಂಡಿಗೆ ಕಾಣಬೇಕ್ರಿ!" ಅಂದೆ. "ಉಚಿತ ಅಂಬೋದು ಇನ್ನೂ ದೊಡ್ಡದು ಬರೀರಿ. ದುಡ್ಡು ಕೇಳ್ತಾರಂತ ಯಾರೂ ಹಿಂದಕ್ಕ ಹೋಗಬಾರದು."

ಅವರು 'ಯಾ ಅಲ್ಲಾ' ಅಂದು ಬರೆದರು. ಮಧ್ಯಾಹ್ನದ ಬಿಸಿಲಿಗೆ ಅಕ್ಷರ ಬೆಂಕಿ ಹತ್ತಿದಂತೆ ಹೊಳೆಯುತ್ತಿದ್ದವು. ಮೂರು ಸಲ ಹೊರಗೆ ಹೋಗಿ ನೋಡಿ ಬಂದೆ.

೧೨ ಆಗಸ್ಟ್, ಶುಕ್ರವಾರ

ಇವತ್ತು ಉದ್ಘಾಟನೆ ಆಗಬೇಕಿತ್ತು. ಯಾದಗಿರಿಯಿಂದ ಬರಬೇಕಾದ ಜಿಲ್ಲೆಯ ಸಾಹೇಬರಿಗೆ ಬೇರೆ ಕಾರ್ಯಕ್ರಮವಂತೆ. ಮುಂದಕ್ಕೆ ಹೋಯಿತು. ನಾನು ಇಳಕಲ್ ಸೀರೆಗೆ ಇಸ್ತ್ರಿ ಹಾಕಿ ಇಟ್ಟದ್ದು ದಂಡ.

ಕೋಣೆ ಮದುವಣಗಿತ್ತಿಯ ಹಾಗೆ ತಯಾರಾಗಿದೆ. ಔಷಧಿ ಬಂದು ಕಪಾಟಿನಲ್ಲಿ ಕೂತಿದೆ. ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿಯಾಗಿದೆ. ಕೀಲಿ ನನ್ನ ಸೊಂಟದಲ್ಲಿ. ಆದರೆ ನಮ್ಮ ದೊಡ್ಡ ಡಾಕ್ಟರು ಭಗವಂತರಾಯರು ಬೆರಳೆತ್ತಿ ಹೇಳಿದ್ದಾರೆ: "ಸಿಸ್ಟರ್, ಸಾಹೇಬರು ಬಂದು ಕತ್ತರಿ ಹಾಕೋತನ ಒಳಗ ಒಂದು ನೊಣ ಸೈತ ಹೋಗಬಾರದು."

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುವುದು ಇದಕ್ಕೇ. ಅಂದಹಾಗೆ, ಇಷ್ಟು ದಿನದಲ್ಲಿ ಕೋಣೆ ಎಲ್ಲಿ ಅಂತ ಕೇಳಿಕೊಂಡು ಒಬ್ಬರೂ ಬಂದಿಲ್ಲ. ಅಷ್ಟು ದೊಡ್ಡ ಬೋರ್ಡು ಹಾಕಿದ್ದೇನೆ! ಜನಕ್ಕೆ ಕಣ್ಣಿಲ್ಲವೋ ಏನೋ.

೧೭ ಆಗಸ್ಟ್, ಬುಧವಾರ

ಕೋಣೆಗೆ ಇವತ್ತು ಮೊದಲ ಕೆಲಸ ಸಿಕ್ಕಿತು!

ಇಂಜೆಕ್ಷನ್ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ದುರಗಮ್ಮ, ಕಾಲುವೆಯ ಆಚೆ ದಂಡೆಯ ಊರಿನವಳು, ಭತ್ತದ ನಾಟಿಯ ಕೂಲಿಗೆ ಹೋಗುವವಳು. ಬಲಗೈ ಬಾತು ಹೋಗಿತ್ತು. ಜೊತೆಗೆ ಅತ್ತೆ ಹಣಮಮ್ಮ. "ಕಾಲುವಿ ಏರಿ ಮ್ಯಾಗಿಂದ ಬಿದ್ದಾಳ್ರಿ" ಅಂದಳು ಅತ್ತೆ. ಬಿದ್ದವರ ಕೊರಳಿನ ಮೇಲೆ ಬೆರಳ ಗುರುತು ಇರುವುದಿಲ್ಲ. ನಾನು ಅವಳ ಪಕ್ಕ ಕೂತು, "ಯಾರವ್ವ?" ಅಂತಷ್ಟೇ ಕೇಳಿದೆ. ನಿನ್ನೆ ಸಂಜೆ, ಗದ್ದೆಯಿಂದ ಬರುವಾಗ, ಕೂಲಿಯ ಮೇಸ್ತ್ರಿಯ ತಮ್ಮ. ಅಷ್ಟೇ ಹೇಳಿದಳು. ಸಾಕಾಯಿತು.

ಹಣಮಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಮುಂಜಾನಿ ಹೊತ್ತೇರೂದಕ್ಕ ಬಂದೀವ್ರಿ. ಆ ಕೆಂಪು ಬೋರ್ಡು ಓದಿದ ನನ್ನ ಮಗ, ನಾ ಬರಾಂಗಿಲ್ಲ ಅಂತ ಗೇಟಿನ ಬೇವಿನ ಗಿಡದ ಬುಡಕ ನಿಂತ. ಈಕೀನೂ ಎರಡು ಸಲ ಬಂದು ಹಿಂದಕ್ಕ ಹೋದ್ಳು."

ನೋಡಿದೆ. ಬೇವಿನ ಮರದ ಕೆಳಗೆ ಒಬ್ಬ ಎತ್ತರದ ಗಂಡಸು, ಬೆನ್ನು ನಮ್ಮ ಕಡೆ. ಗಂಡ ಅಂಬ್ರಪ್ಪ ಅಂತೆ. ಅಕ್ಷರಕ್ಕೆ ಹೆದರುವ ಜನ ಇವರು! ಸಿಟ್ಟು ಬಂತು.

ನಮ್ಮ ಲೇಡಿ ಡಾಕ್ಟರ್ ಮಜೀದಾ ಬಂದವರೇ ಹೇಳಿದರು: "ಲಾಲಮ್ಮ, ಎಚ್.ಐ.ವಿ. ತಡೆಯೋ ಗುಳಿಗಿ ಈಗಿಂದೀಗ ಶುರು ಆಗಬೇಕು. ಒಂದು ತಿಂಗಳ ತಪ್ಪದೇ ತಗೋಬೇಕು. ಎಲ್ಲಿ ಅದಾವ ಗುಳಿಗಿ?"

ಎಲ್ಲಿವೆ! ರಿಬ್ಬನ್ನಿನ ಆಚೆ!

ಭಗವಂತರಾಯರು ಶಹಾಪುರದ ಮೀಟಿಂಗಿಗೆ ಹೋಗಿದ್ದರು. ಫೋನು ಎತ್ತಲಿಲ್ಲ. ನಾನು ಬಾಗಿಲ ಮುಂದೆ ನಿಂತೆ. ರಿಬ್ಬನ್ನಿನ ಕೆಳಗೆ ಬಗ್ಗಿ ಹೋದರಾಯಿತು ಅಂತ ಮೊದಲು ಅನ್ನಿಸಿತು. ಹಿಂದೆ ತಿರುಗಿ ನೋಡಿದರೆ ದುರಗಮ್ಮ ಬಾತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿಕೊಂಡು, ಆಗಲೇ ತಲೆ ಬಗ್ಗಿಸಲು ತಯಾರಾಗಿದ್ದಳು. ಇವಳು ಬಗ್ಗಬೇಕೇ? ಗಂಟು ಬಿಚ್ಚಿದೆ. ಒಂದೇ ಎಳೆತಕ್ಕೆ ಬಿಚ್ಚಿ ಬಂತು!

"ಬಾರವ್ವ, ನೆಟ್ಟಗ ನಡದು ಬಾ" ಅಂದೆ.

ತಪಾಸಣೆ ಆಯಿತು, ಗುಳಿಗೆ ಕೊಟ್ಟಾಯಿತು, ಕೈಗೆ ಪಟ್ಟಿ ಕಟ್ಟಿಯಾಯಿತು. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ, ಹೇಳಿಕೆ ಕೊಡುವುದು ಬಿಡುವುದು ನಿನ್ನ ಇಷ್ಟ ಅಂತ ಮಜೀದಾ ಅವರು ತಿಳಿಸಿ ಹೇಳಿದರು. ಅವಳು, "ಈಗ ಬ್ಯಾಡ್ರಿ" ಅಂದಳು. ಅವರು ಹೋದ ಮೇಲೆ ರಿಬ್ಬನ್ನನ್ನು ಮೊದಲಿನ ಹಾಗೇ ಕಟ್ಟಿದೆ. ಮೊದಲಿಗಿಂತ ಚೆಂದ ಬಂತು ಗಂಟು!

೧೮ ಆಗಸ್ಟ್, ಗುರುವಾರ

ಬೈಸಿಕೊಂಡೆ. ಭಗವಂತರಾಯರು ಕೆಟ್ಟವರಲ್ಲ, ಪುಕ್ಕಲು. "ಉದ್ಘಾಟನೆ ಆಗದ ಕೋಣಿ ಔಷಧಿ ಹ್ಯಾಂಗ ಖರ್ಚ ತೋರಿಸಲಿ? ನನ್ನ ಕುರ್ಚಿಗೇ ಬರ್ತದಲ್ಲ ಸಿಸ್ಟರ್!" ಅಂದರು. ನಾನು, "ನನ್ನ ಸಂಬಳದಾಗ ಹಿಡ್ಕೋರಿ" ಅಂದೆ. ಮಜೀದಾ ಡಾಕ್ಟರ್ ಮುಖ ಆಚೆ ತಿರುಗಿಸಿ ನಕ್ಕರು.

ನಗುವ ಮಾತಲ್ಲದ್ದು ಒಂದಿದೆ. ಎಕ್ಸ್‌ರೇ ಬಂತು. ದುರಗಮ್ಮನ ಕೈಮೂಳೆ ಎರಡು ತುಂಡು. ಕಲಬುರಗಿಯಲ್ಲಿ ಆಪರೇಷನ್ ಮಾಡಿ ಒಳಗೆ ಪ್ಲೇಟು ಹಾಕಬೇಕು. ತಡವಾದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ. ಸೊಟ್ಟ ಕೈಯಲ್ಲಿ ನಾಟಿ ಹ್ಯಾಗೆ ಮಾಡುತ್ತಾಳೆ? ಖರ್ಚು ನಮ್ಮದು ಅಂತ ಮಂಜೂರಾತಿ ಪತ್ರ ಇಲ್ಲಿಂದ ಹೋಗಬೇಕು. ಅದಕ್ಕೆ ಸಾಹೇಬರ ಸಹಿ. ಸಾಹೇಬರು ಬರುವುದು ಉದ್ಘಾಟನೆಗೆ.

೨೩ ಆಗಸ್ಟ್, ಮಂಗಳವಾರ

ತಾರೀಕು ಸಿಕ್ಕಿತು! ಬರುವ ಸೋಮವಾರ! ಪತ್ರಕ್ಕೆ ಅವತ್ತೇ, ವೇದಿಕೆಯ ಮೇಲೇ ಸಹಿ! ಭಗವಂತರಾಯರು ನನ್ನ ಕೋಣೆಗೇ ಬಂದು ಹೇಳಿದರು. ಒಂದೇ ಒಂದು ಮಾತು: ಸಾಹೇಬರ ಕೈಯಿಂದ ಪತ್ರ ತೆಗೆದುಕೊಳ್ಳಲು ಫಲಾನುಭವಿ ಒಬ್ಬರು ವೇದಿಕೆಗೆ ಬರಬೇಕು.

"ಫಲಾನುಭವಿ ಇಲ್ಲದ ಕಾರ್ಯಕ್ರಮ ಎಲ್ಲ್ಯಾದ್ರೂ ನೋಡೀರೇನು ಸಿಸ್ಟರ್? ಹೊಲಿಗಿ ಮಷೀನ ಕೊಟ್ರೂ ಒಬ್ಬಾಕಿ ನಿಂತ್ಕೋತಾಳ. ಮುಖದ ತುಂಬ ಸೆರಗು ಹೊದ್ಕೊಂಡು ಬರ್ಲಿ."

ಅದೇನು ದೊಡ್ಡ ಮಾತು! ಒಂದು ನಿಮಿಷ ಸೆರಗು ಹೊದ್ದು ನಿಂತರೆ ಕೈ ಉಳಿಯುತ್ತದೆ. ನಾಳೆ ವಾರದ ಗುಳಿಗೆಗೆ ಬರುತ್ತಾಳೆ, ಹೇಳಿಬಿಡುತ್ತೇನೆ. ಎಷ್ಟು ಖುಷಿಯಾಗುತ್ತಾಳೋ!

೨೪ ಆಗಸ್ಟ್, ಬುಧವಾರ

ಖುಷಿಯಾಗಲಿಲ್ಲ.

ನಾನು ಹೇಳಿ ಮುಗಿಸಿದೆ. ಆಮೇಲೆ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲೆ ಇಟ್ಟಳು. "ಮಾರಿ ಮುಚ್ಚಿದ್ರ ಆಯ್ತೇನ್ರಿ ಬಾಯಾರ? ನಮ್ಮೂರಾಗ ಕೈ ಮುರಕೊಂಡಾಕಿ ನಾ ಒಬ್ಬಾಕೀನೇ ಅದೀನಿ" ಅಂದಳು. ಎದ್ದು ಹೋದಳು. ಬೇವಿನ ಮರದ ಕೆಳಗಿದ್ದ ಗಂಡ ಇವಳಿಗಿಂತ ಹತ್ತು ಮಾರು ಮುಂದೆ ನಡೆದ.

ಗುಳಿಗೆಯ ಪೊಟ್ಟಣ ಮೇಜಿನ ಮೇಲೇ ಉಳಿಯಿತು.

೨೫ ಆಗಸ್ಟ್, ಗುರುವಾರ

ಬೆಳಗ್ಗೆಯಿಂದ ಪೊಟ್ಟಣ ನನ್ನನ್ನೇ ನೋಡುತ್ತ ಕೂತಿತ್ತು. ಒಂದು ದಿನ ತಪ್ಪಿದರೂ ಗುಳಿಗೆಯ ಬಲ ಹೋಗುತ್ತದೆ. ಮಧ್ಯಾಹ್ನ ರಜೆ ಬರೆದು ಕೊಟ್ಟು ನಮ್ಮವರಿಗೆ ಫೋನು ಮಾಡಿದೆ.

"ಗಾಡಿ ತಗೊಂಡು ಬರ್ರಿ."

"ಗೇಟಿನ ಮ್ಯಾಲ ಅದೀನಿ."

"ನೀರು ಎಲ್ಲೂ ಹೋಗಲ್ಲ, ಬರ್ರಿ!"

ಬಂದರು. ಕಾಲುವೆ ದಂಡೆಯ ಮೇಲೆ ಮೋಟಾರುಬೈಕು ಹಾರಿದ್ದೇ ಹಾರಿದ್ದು! ತುಂಬಿದ ನೀರು ಒಂದು ಕಡೆ, ಹಸಿರು ಗದ್ದೆ ಒಂದು ಕಡೆ, ನಡುವೆ ನಾನು ಬಿ.ಪಿ. ಯಂತ್ರ ಎದೆಗೆ ಅವುಚಿಕೊಂಡು.

ನೆಟ್ಟಗೆ ಅವಳ ಮನೆಗೆ ಹೋದರೆ ಓಣಿಯೆಲ್ಲ ಕಣ್ಣು ಬಿಡುತ್ತದೆ. ಅದಕ್ಕೆ ಗುಡಿಯ ಕಟ್ಟೆಯ ಮೇಲೆ ಕೂತು, "ಸರ್ಕಾರದ ಬಿ.ಪಿ. ತಪಾಸಣೆ, ಬರ್ರಿ ಬರ್ರಿ!" ಅಂತ ಕೂಗಿದೆ. ಮುದುಕಿಯರು, ಬಸುರಿಯರು, ಜಗಳಗಂಟಿಯರು, ಇಡೀ ಓಣಿ ಬಂತು. ಎಲ್ಲರ ತೋಳಿಗೂ ಪಟ್ಟಿ ಕಟ್ಟಿದೆ, ಎಲ್ಲರ ಕೈಗೂ ಕಬ್ಬಿಣದ ಗುಳಿಗೆ ಇಟ್ಟೆ. ಅವಳೂ ಬಂದಳು. ಅವಳ ಕೈಗೆ ಅವಳ ಪೊಟ್ಟಣ ಇಟ್ಟೆ. ಯಾರಿಗೂ ಗೊತ್ತಾಗಲಿಲ್ಲ!

"ಈಗ್ಲೇ ತಗೋ. ನೀ ಎಲ್ಲಿಗೂ ಬರೂದು ಬ್ಯಾಡ, ಯಾರ ಮುಂದನೂ ನಿಂದ್ರೂದು ಬ್ಯಾಡ" ಅಂದೆ ಮೆಲ್ಲಗೆ.

"ಮತ್ತ ಕೈ?"

"ಅದು ನನಗ ಬಿಡು."

ಬಿಡು ಅಂದೆ, ಸರಿ. ಏನು ಮಾಡುತ್ತೇನೆ ಅಂತ ನನಗೇ ಗೊತ್ತಿಲ್ಲ. ಬರುವ ದಾರಿಯಲ್ಲಿ ನಮ್ಮವರು, "ಯಾರ ಸಲುವಾಗಿ ಬಂದಿದ್ದಿ?" ಅಂತ ಕೇಳಿದರು. "ಓಣಿ ಸಲುವಾಗಿ" ಅಂದೆ.

೨೯ ಆಗಸ್ಟ್, ಸೋಮವಾರ

ಇವತ್ತಿನದು ಬರೆಯದಿದ್ದರೆ ಹೊಟ್ಟೆ ಒಡೆದುಕೊಳ್ಳುತ್ತದೆ!

ಶಾಮಿಯಾನ, ಮೈಕು, ಹೂವಿನ ಹಾರ. ನಾನು ಇಳಕಲ್ ಸೀರೆ ಉಟ್ಟಿದ್ದೆ. ಸಾಹೇಬರು ಕತ್ತರಿ ಹಾಕಿದರು. ಕತ್ತರಿ ಮೊಂಡ, ರಿಬ್ಬನ್ನು ಹರಿಯಲೊಲ್ಲದು. "ಗಂಟು ಭಾಳ ಬಿಗಿ ಕಟ್ಟೀರಿ" ಅಂತ ನಕ್ಕರು. ಭಗವಂತರಾಯರು ನನ್ನನ್ನು ನೋಡಿದರು, ನಾನು ಮೇಲೆ ಫ್ಯಾನು ನೋಡಿದೆ.

ಭಾಷಣ ಆಯಿತು. ಆಮೇಲೆ ಮೈಕಿನಲ್ಲಿ: "ಈಗ ಫಲಾನುಭವಿ ವೇದಿಕೆಗೆ ಬರಬೇಕು."

ಯಾರೂ ಏಳಲಿಲ್ಲ. ಮತ್ತೊಮ್ಮೆ ಕರೆದರು. ಸಾಹೇಬರು ಗಡಿಯಾರ ನೋಡಿಕೊಂಡರು. ಪತ್ರ ಅವರ ಮುಂದೆ ಇತ್ತು, ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಈಗ ಎದ್ದು ಹೋದರೆ ಇನ್ನು ಯಾವ ತಿಂಗಳಿಗೋ! ಮುಂದಿನ ಸಾಲಿನಲ್ಲಿದ್ದ ಹೆಂಗಸರು ಕತ್ತು ಉದ್ದ ಮಾಡಿ, ಯಾವಾಕಿ ಅದಾಳ, ಯಾವಾಕಿ ಅದಾಳ ಅಂತ ಹುಡುಕುತ್ತಿದ್ದರು. ಆ ಕತ್ತುಗಳನ್ನು ನೋಡಿ ನನ್ನ ಕಾಲು ತಾವೇ ಎದ್ದವು. ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಟ್ಟಿಲು ಹತ್ತಿದೆ.

ಸಾಹೇಬರು ಎದ್ದು ನಿಂತು ಕೈ ಮುಗಿದರು. "ಧೈರ್ಯವಾಗಿರಮ್ಮ" ಅಂದರು. ಸಹಿ ಹಾಕಿ ಪತ್ರ ಕೊಟ್ಟರು. ಮಜೀದಾ ಡಾಕ್ಟರ್ ಅದರಲ್ಲಿ ಹೆಸರು ಬರೆಯದೆ ಬರೀ ನಂಬರು ಹಾಕಿಸಿದ್ದರು, ಬದುಕಿದೆ. ಫೋಟೋ ಹೊಡೆದರು. ಭಗವಂತರಾಯರ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ಕೆಳಗೆ ಇಳಿದದ್ದೇ ಮಜೀದಾ ಡಾಕ್ಟರ್ ಪತ್ರ ಕಸಿದುಕೊಂಡು ಆಂಬ್ಯುಲೆನ್ಸಿಗೆ ಫೋನು ಮಾಡಿದರು. ನಾಡಿದ್ದು ಆಪರೇಷನ್! ಆಯಿತು! ಆಯಿತು!

೩೦ ಆಗಸ್ಟ್, ಮಂಗಳವಾರ

ಪೇಪರಿನಲ್ಲಿ ನನ್ನ ಫೋಟೋ. ಕೆಳಗೆ: 'ಅತ್ಯಾಚಾರ ಸಂತ್ರಸ್ತೆ ಲಾಲಮ್ಮ ಅವರಿಗೆ ಚಿಕಿತ್ಸಾ ನೆರವಿನ ಪತ್ರ ವಿತರಣೆ.'

ಕಾರ್ಯಕ್ರಮಕ್ಕೆ ತಡವಾಗಿ ಬಂದ ವರದಿಗಾರ ಮೆಹಬೂಬ, ಯಾರೋ ನೀರು ಕೊಡುವವನನ್ನು ಹೆಸರು ಕೇಳಿ ಬರೆದಿದ್ದಾನೆ.

ಮೊದಲು ನಕ್ಕೆ. ಆಮೇಲೆ ಬಸ್ಸು ಹತ್ತಿದೆ. ಬಸ್ಸಿನವರ ಮಾತು ನಿಂತಿತು. ಒಬ್ಬಾಕೆ ಎದ್ದು ಜಾಗ ಕೊಟ್ಟಳು, ಕೊಟ್ಟು ಎರಡು ಸೀಟು ಆಚೆ ಹೋಗಿ ನಿಂತಳು. ಬೇಳೆ ಅಂಗಡಿಯವನು ನನ್ನ ಮುಖ ನೋಡದೆ ಚಿಲ್ಲರೆ ಕೊಟ್ಟ. ಆಸ್ಪತ್ರೆಗೆ ಹೋಗಿ ನಮ್ಮ ಬೋರ್ಡಿನ ಕೆಳಗೆ ನಿಂತೆ. ಇಡೀ ವರಾಂಡ ನನ್ನನ್ನು ಓದಿತು.

ಮಧ್ಯಾಹ್ನವೇ ಬಾಷುಮಿಯಾ ಅವರನ್ನು ಕರೆಸಿ ಬೋರ್ಡಿಗೆ ಬಿಳಿ ಬಣ್ಣ ಬಳಿಸಿಬಿಟ್ಟೆ.

"ಹೊಸದೇನು ಬರೀಲಿ ಬಾಯಾರ?"

"ಏನೂ ಬರೀಬ್ಯಾಡ್ರಿ."

ಅವರು ಕುಂಚ ತೊಳೆದರು.

೨ ಸೆಪ್ಟೆಂಬರ್, ಶುಕ್ರವಾರ

ದುರಗಮ್ಮನ ಆಪರೇಷನ್ ಚೆನ್ನಾಗಿ ಆಯಿತಂತೆ! ಬೆರಳು ಆಡಿಸುತ್ತಿದ್ದಾಳಂತೆ! ಫೋನಿನಲ್ಲಿ ಅತ್ತೆ ಹಣಮಮ್ಮ ಅತ್ತೂ ಅತ್ತೂ ಹೇಳಿದಳು.

ಮನೆಯಲ್ಲಿ ಮಾತ್ರ ಬೆಂಕಿ. ನಮ್ಮವರು ಮೂರು ದಿನದಿಂದ ಚಹಾ ಅಂಗಡಿಗೆ ಹೋಗಿಲ್ಲ. "ಗೇಟಿನ ಮ್ಯಾಲ ಮಂದಿ ನನ್ನ ಮಾರಿ ನೋಡಾಕತ್ತಾರ. ಒಬ್ಬಾಂವ ಬಂದು ಹೆಗಲ ಮ್ಯಾಲ ಕೈ ಇಟ್ಟು, 'ಏನ್ ಮಾಡೂದಣ್ಣ' ಅಂದ. ತಪ್ಪಾಗ್ಯಾದಂತ ಪೇಪರಿನ್ಯಾಗ ಬರಸು!"

ಸಂಜೆ ಮೆಹಬೂಬ ತಾನೇ ಬಂದ, ಪಾಪ, ಕಣ್ಣಲ್ಲಿ ನೀರು. ತಿದ್ದುಪಡಿ ಬರೆದೇ ತಂದಿದ್ದ. 'ಲಾಲಮ್ಮ ಅವರು ಸಂತ್ರಸ್ತೆಯಲ್ಲ, ಆಸ್ಪತ್ರೆಯ ಸಿಬ್ಬಂದಿ.' ಭಾನುವಾರ ಹಾಕು ಅಂದೆ. ನಮ್ಮವರು ಮೂರು ದಿನದ ಮೇಲೆ ಹೊಟ್ಟೆ ತುಂಬ ಉಂಡರು.

೩ ಸೆಪ್ಟೆಂಬರ್, ಶನಿವಾರ

ಇವತ್ತು ಒಬ್ಬ ಹೆಣ್ಣುಮಗಳು ಕೋಣೆಗೆ ಬಂದಳು. ಸುರಪುರದ ಕಡೆಯಿಂದ, ಎರಡು ಬಸ್ಸು ಬದಲಿಸಿ. ಹೆಸರು ಬೇಡ. ಅವಳ ಬಗಲಲ್ಲಿ ಆ ಪೇಪರು ಮಡಚಿ ಇತ್ತು.

"ನೀವೇನ್ರಿ ಇದು?"

"ಹೂಂ."

"ನಿಮಗೂ ಹಿಂಗ ಆಗಿತ್ತಂತಲ್ರಿ."

ನಾಲಿಗೆಯ ತುದಿಯವರೆಗೆ ಬಂದಿತ್ತು, ಇಲ್ಲವ್ವ, ನಾನು ಇಲ್ಲಿಯ ಸಿಸ್ಟರ್ ಅಂತ. ಅವಳ ಕಣ್ಣು ನೋಡಿದೆ. ಪರದೆ ಎಳೆದು, "ಕುಂದ್ರು. ನೀರು ಕುಡಿ. ನಿನಗ ಒಂದು ರೂಪಾಯಿ ಖರ್ಚಿಲ್ಲ, ಯಾರೂ ನಿನ್ನ ಹೆಸರು ಕೂಗಾಂಗಿಲ್ಲ" ಅಂದೆ. ಅವಳು ಕೂತಳು. ಆಮೇಲೆ ಮಾತಾಡಿದಳು, ಬಹಳ ಹೊತ್ತು.

ಅವಳು ಹೋದ ಮೇಲೆ ಮೆಹಬೂಬನಿಗೆ ಫೋನು ಮಾಡಿದೆ. "ತಿದ್ದುಪಡಿ ಹಾಕಬ್ಯಾಡ ತಮ್ಮ."

ನಮ್ಮವರಿಗೂ ಹೇಳಿದೆ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದು ಕೈ ತೊಳೆದರು.

೧೪ ಸೆಪ್ಟೆಂಬರ್, ಬುಧವಾರ

ಇವತ್ತು ದುರಗಮ್ಮನ ತಿಂಗಳ ಗುಳಿಗೆ ಮುಗಿಯುವ ದಿನ! ಕೊನೆಯದನ್ನು ನನ್ನ ಎದುರಿಗೇ ನುಂಗು ಅಂದಿದ್ದೆ. ಬಂದಳು. ಆಪರೇಷನ್ ಆದ ಕೈಯಿಂದಲೇ ಲೋಟ ಎತ್ತಿ ನೀರು ಕುಡಿದಳು. ಸ್ವಲ್ಪ ನಡುಗಿತು, ಚೆಲ್ಲಲಿಲ್ಲ. ನಾನು ಚಪ್ಪಾಳೆ ತಟ್ಟಿಬಿಟ್ಟೆ! ಆಕೆ ನಕ್ಕಳು. ನಗುವುದನ್ನು ಇದೇ ಮೊದಲು ನೋಡಿದೆ. ಎರಡು ತಿಂಗಳ ಮೇಲೆ ಇನ್ನೊಂದು ರಕ್ತ ತಪಾಸಣೆ, ಅದೂ ಇಲ್ಲೇ, ಅದೂ ಪುಕ್ಕಟೆ ಅಂತ ಹೇಳಿದೆ. "ಹೇಳಿಕಿ ಕೊಡೂದರ ಬಗ್ಗೆ ವಿಚಾರ ಮಾಡಾಕತ್ತೀನ್ರಿ" ಅಂದಳು. ನಾನು ಅವಸರ ಮಾಡಲಿಲ್ಲ.

"ಮನಿಯವ್ರು ಬಂದಾರೇನು?" ಅಂತ ಕೇಳಿದೆ.

"ಗಿಡದ ಬುಡಕ ಅದಾರ್ರಿ" ಅಂದಳು. ನಗು ಹೋಯಿತು.

ಕಿಟಕಿಯಿಂದ ನೋಡಿದೆ. ಅದೇ ಬೇವಿನ ಮರ, ಅದೇ ಬೆನ್ನು. ಅಷ್ಟರಲ್ಲಿ ಗೇಟಿನಲ್ಲಿ ನಮ್ಮ ಮೋಟಾರುಬೈಕಿನ ಸದ್ದು. ನಾನು ಬರಹೇಳಿರಲಿಲ್ಲ. ನಮ್ಮವರು ಗಾಡಿ ನಿಲ್ಲಿಸಿ, ವರಾಂಡ ದಾಟಿ, ಏನೂ ಬರೆಯದ ಬೋರ್ಡಿನ ಕೆಳಗೆ ಬಂದು ನಿಂತರು. ಬೆಂಚಿನ ಮೇಲೆ ಬರೀ ಹೆಂಗಸರು. ಅವರಲ್ಲೊಬ್ಬಳು ಮುದುಕಿ ಸೆರಗು ಸರಿಮಾಡಿಕೊಂಡು ಕೇಳಿದಳು: "ಯಾರ ಸಲುವಾಗಿ ಬಂದೀಯಪ್ಪ?"

ವರಾಂಡದ ಗಂಡಸರೆಲ್ಲ ಇತ್ತ ತಿರುಗಿದರು. ಪೇಪರು ಓದಿದವರೇ ಎಲ್ಲ.

"ನನ್ನ ಹೆಂಡ್ತಿ ಒಳಗದಾಳ್ರಿ" ಅಂದರು ನಮ್ಮವರು, ಗೇಟಿನ ತನಕ ಕೇಳುವಷ್ಟು ಗಟ್ಟಿಯಾಗಿ. ಮುದುಕಿ ಒಂಚೂರು ಸರಿದಳು. ಆ ಬೆಂಚಿನ ತುದಿಗೆ, ಎಲ್ಲರೂ ನೋಡುತ್ತಿರುವ ಹಾಗೇ, ಕೂತರು. ಕೈ ಕಟ್ಟಿಕೊಂಡು, ನೆಟ್ಟಗೆ.

ಬೇವಿನ ಮರದ ಕೆಳಗಿನ ಬೆನ್ನು ತಿರುಗಿತು. ಅಂಬ್ರಪ್ಪ ಬಹಳ ಹೊತ್ತು ಇತ್ತ ನೋಡಿದ. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು, ಅಂಗಳ ದಾಟಿ, ಮೆಟ್ಟಿಲು ಹತ್ತಿ ಬೆಂಚಿನ ಹತ್ತಿರ ಬಂದು ನಿಂತ.

ನಮ್ಮವರು ಸರಿದು ಕೂತು ಜಾಗ ಕೊಟ್ಟರು.